ಶಾಸನಗಳಿಂದ ರಾಣಿಯೊಬ್ಬಳ ಬದುಕು ಕಟ್ಟುವ ಬಗೆ

ಕಲ್ಯಾಣ ಚಾಲುಕ್ಯರ ಅರಸಿಯರ ಬಗ್ಗೆ ಬರೆಯಹೊರಟವರು ಮೊದಲು ಕಾವ್ಯಕ್ಕೆ ಕೈಹಾಕುತ್ತಾರೆ. ಆರನೆಯ ವಿಕ್ರಮಾದಿತ್ಯನ ಆಸ್ಥಾನಕವಿ ಬಿಲ್ಹಣ ವರ್ಣಿಸಿದ, ಆ ಅರಸನ ರಾಣಿ ಚಂದ್ರಲೇಖೆಯ ಸ್ವಯಂವರ ಸೊಗಸಾಗಿದೆ, ನಿಜ. ಆದರೆ ಅರಸಿಯ ಕೈಯಲ್ಲಿ ಯಾವ ಊರಿತ್ತು, ಯಾರಿಗೆ ಏನು ಕೊಟ್ಟಳು ಎಂಬುದನ್ನು ಕಲ್ಲಿನಿಂದಲೇ ತಿಳಿಯಬೇಕು.

ಬಳ್ಳಾರಿ, ರಾಯಚೂರು, ಕೊಪ್ಪಳ ಎಂಬ ನಮ್ಮ ಮೂರು ಜಿಲ್ಲೆಗಳವರಿಗೆ ಮೊದಲ ತೊಡಕು ಶಾಸನಗಳ ಪಾಠ ಅಚ್ಚಾದ ಸಂಪುಟಗಳದು. ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಸಂಪುಟಗಳು ಮೈಸೂರು ಸಂಸ್ಥಾನ ಮತ್ತು ಕೊಡಗಿನವು, ಅಲ್ಲಿ ಹುಡುಕಿ ಫಲವಿಲ್ಲ. ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿತ್ತು. ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 9ನೆಯ ಸಂಪುಟ ತೆಗೆಯಿರಿ. ರಾಯಚೂರು, ಕೊಪ್ಪಳ ನಿಜಾಮರ ಆಳ್ವಿಕೆಯಲ್ಲಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ತಂದ ಜಿಲ್ಲಾವಾರು ಶಾಸನ ಸಂಪುಟಗಳಿಂದ ಶುರುಮಾಡುವುದು ಲೇಸು.

ಪಾಠ ಸಿಕ್ಕ ಮೇಲೆ ಕಾಲ ಗುರುತಿಸಿ. ಆರನೆಯ ವಿಕ್ರಮಾದಿತ್ಯ ಆರಂಭಿಸಿದ ಚಾಲುಕ್ಯ ವಿಕ್ರಮ ವರ್ಷಕ್ಕೆ 1075 ಕೂಡಿಸಬೇಕು, 1076 ಅಲ್ಲ. ಏಕೆಂದರೆ 1076ನೆಯ ಇಸವಿಯೇ ಮೊದಲ ವರ್ಷ. ಇಟಗಿಯ ಮಹಾದೇವ ಗುಡಿಯ ಶಾಸನದ 37ನೆಯ ವರ್ಷ ಹೀಗೆ 1112 ಆಗುತ್ತದೆ. ಶಕವರ್ಷಕ್ಕೆ 78 ಕೂಡಿಸಿ. ಪುಷ್ಯದಿಂದ ಫಾಲ್ಗುಣದವರೆಗಿನ ತಿಥಿಯಾದರೆ 79 ಬರಬಹುದು. ಸಂವತ್ಸರದ ಹೆಸರು ತಾಳೆಯಾಗದಿದ್ದರೆ ಲೆಕ್ಕ ಮತ್ತೆ ನೋಡಿ.

ಇನ್ನು ಎಲ್ಲಕ್ಕಿಂತ ನಿಧಾನವಾಗಿ ಓದಬೇಕಾದದ್ದು ಕ್ರಿಯಾಪದ. ಅರಸಿಯ ಬಿರುದುಗಳು ಸಾಲುಗಟ್ಟಲೆ ಹರಿಯುತ್ತವೆ. ಪಿರಿಯರಸಿ, ಪಟ್ಟಮಹಾದೇವಿ ಎಂಬಂಥ ಸ್ಥಾನಸೂಚಕ ಪದಗಳನ್ನು ಬೇರೆಯಾಗಿ ಬರೆದುಕೊಂಡು ವಾಕ್ಯದ ತುದಿಗೆ ಹೋಗಿ. ‘ಆಳುತ್ತಿರೆ’ ಎಂದಿದ್ದರೆ ಆ ನಾಡೋ ಅಗ್ರಹಾರವೋ ಅವಳ ಆಡಳಿತದಲ್ಲಿತ್ತು. ‘ಬಿನ್ನಪಂಗೆಯ್ಯೆ’ ಎಂದಿದ್ದರೆ ಅವಳು ಕೇಳಿಕೊಂಡಳು, ಕೊಟ್ಟವನು ಅರಸ. ಇವೆರಡನ್ನೂ ‘ದಾನ ನೀಡಿದಳು’ ಎಂದು ಒಂದೇ ಮಾಡಿಬಿಟ್ಟರೆ ಅವಳ ಅಧಿಕಾರದ ಅಳತೆಯೇ ಸಿಗುವುದಿಲ್ಲ. ಆಹವಮಲ್ಲ ಸೋಮೇಶ್ವರನ ಅರಸಿಯರಲ್ಲಿ ಮೈಲಲದೇವಿ ಬನವಾಸಿ ಪನ್ನಿರ್ಚ್ಛಾಸಿರ (ಹನ್ನೆರಡು ಸಾವಿರ) ಎಂಬ ನಾಡನ್ನು ಆಳಿದಳು, ಕೇತಲದೇವಿಯ ಕೈಯಲ್ಲಿದ್ದದ್ದು ಪೊನ್ನವಾಡ ಅಗ್ರಹಾರ. ಇಬ್ಬರೂ ರಾಣಿಯರೇ, ಹೊಣೆಯ ಗಾತ್ರ ಮಾತ್ರ ಬೇರೆ. ಆಳಿದವಳೆಲ್ಲ ರಾಣಿಯೂ ಅಲ್ಲ: ಕಿಸುಕಾಡು ನಾಡನ್ನು ಆಳಿದ ಅಕ್ಕಾದೇವಿ ಇಮ್ಮಡಿ ಜಯಸಿಂಹನ ಅಕ್ಕ. ಅರಸನ ಹೆಸರು, ಕಾಲ, ಸಂಬಂಧ ಮೂರೂ ಕೂಡಿದ ಮೇಲೆಯೇ ಒಂದೇ ಹೆಸರಿನ ಎರಡು ಶಾಸನಗಳನ್ನು ಒಬ್ಬಳಿಗೆ ಸೇರಿಸಿ.

ದಾನದ ಭಾಗದಲ್ಲಿ ನೆಲದ ಅಳತೆಯಾದ ಮತ್ತರು, ನಾಣ್ಯಗಳಾದ ಗದ್ಯಾಣ, ಪಣಗಳನ್ನು ಇದ್ದಂತೆಯೇ ಇಳಿಸಿಕೊಳ್ಳಿ. ಮತ್ತರನ್ನು ಎಕರೆಗೆ ತಿರುಗಿಸಬೇಡಿ. ಅಳೆಯುವ ಕೋಲು ಊರಿಂದೂರಿಗೆ ಬೇರೆಯಾಗಿತ್ತು.

ಅಚ್ಚಾದ ಪಾಠದ ಮೇಲೆ ಅನುಮಾನ ಬಂದರೆ ಗುಡಿಗೇ ಹೋಗಿ. ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ಅಕ್ಷರ ಎದ್ದು ಕಾಣುತ್ತದೆ. ನಡುಹಗಲಿನಲ್ಲಿ ಮ, ವ ಎರಡೂ ಒಂದೇ. ಕತ್ತಲ ಮಂಟಪದಲ್ಲಿ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಸೀಮೆಸುಣ್ಣ, ಎಣ್ಣೆ ಬಳಿಯಲೇಬಾರದು, ಕಲ್ಲು ಕೆಡುತ್ತದೆ.

ವಿಜಯನಗರದ ಅರಸಿಯರಾದರೆ ಇನ್ನೊಂದು ಎಚ್ಚರ ಬೇಕು. ಹಂಪಿಯ ‘ರಾಣಿ ಸ್ನಾನಗೃಹ’, ‘ಕಮಲ ಮಹಲ್’ ಈಚಿನವರು ಇಟ್ಟ ಹೆಸರುಗಳು. ಅಲ್ಲಿ ಯಾರಿದ್ದರೆಂಬುದಕ್ಕೆ ಅವು ಸಾಕ್ಷಿಯಾಗವು. ಕೃಷ್ಣದೇವರಾಯನ ಅರಸಿಯರಾದ ತಿರುಮಲದೇವಿ, ಚಿನ್ನಾದೇವಿಯರಿಗೆ ತಿರುಮಲೆಯ ಶಾಸನ ನೋಡಿ: 1513ರಲ್ಲಿ ಇಬ್ಬರೂ ದೇವರ ಹಾಲಿನ ನೈವೇದ್ಯಕ್ಕೆ ಒಂದೊಂದು ಚಿನ್ನದ ಬಟ್ಟಲು ಕೊಟ್ಟರು.