‘ಸಿಂಬೆರ್‌ಗ್ವೆನ್ಸಾ’: ಸ್ಪ್ಯಾನಿಷ್‌ನ ಒಂದು ಗುಣವಾಚಕವನ್ನು ಅರಿತು ಬಳಸುವ ಬಗೆ

ಸ್ಪ್ಯಾನಿಷ್ ಕಲಿಯುವ ಕನ್ನಡಿಗರು ‘ಸಿಂಬೆರ್‌ಗ್ವೆನ್ಸಾ’ ಪದದ ಅರ್ಥವನ್ನು ಇಂಗ್ಲಿಷ್ ನಿಘಂಟಿನಲ್ಲಿ ಹುಡುಕುವುದಕ್ಕಿಂತ ನೇರವಾಗಿ ಕನ್ನಡದಲ್ಲಿಯೇ ಹಿಡಿಯುವುದು ಒಳ್ಳೆಯದು. ‘ಸಿನ್’ ಎಂದರೆ ‘ಇಲ್ಲದೆ’, ‘ಬೆರ್‌ಗ್ವೆನ್ಸಾ’ ಎಂದರೆ ‘ನಾಚಿಕೆ’. ಎರಡೂ ಸೇರಿ, ತನ್ನ ಲಾಭಕ್ಕಾಗಿ ಮೋಸ ಮಾಡಿಯೂ ತಲೆಯೆತ್ತಿ ಓಡಾಡುವ ಮನುಷ್ಯನಿಗೆ ಹೆಸರಾಗಿದೆ. ‘ಮೂರೂ ಬಿಟ್ಟವನು’ ಎಂದು ನಾವು ಯಾರನ್ನು ಕರೆಯುತ್ತೇವೆಯೋ ಅವನೇ ಇವನು.

ಇಲ್ಲಿ ಕನ್ನಡವು ನಮಗೆ ನಿಜವಾಗಿ ನೆರವಾಗುತ್ತದೆ. ನಮ್ಮ ‘ನಾಚಿಕೆ’ ಹೇಗೆ ಮಗುವಿನ ಸಂಕೋಚಕ್ಕೂ ತಪ್ಪಿತಸ್ಥನ ಲಜ್ಜೆಗೂ ಒಂದೇ ಪದವೋ, ‘ಬೆರ್‌ಗ್ವೆನ್ಸಾ’ ಕೂಡ ಹಾಗೆಯೇ. ಅದರಿಂದ ಹುಟ್ಟಿದ ‘ಬೆರ್ಗೊನ್ಸೋಸೊ’ ಎಂಬ ವಿಶೇಷಣವು ವ್ಯಕ್ತಿಗೆ ಸೇರಿದಾಗ ಸಾಮಾನ್ಯವಾಗಿ ‘ನಾಚಿಕೆ ಸ್ವಭಾವದವನು’ ಎಂದೂ, ಕೃತ್ಯಕ್ಕೆ ಸೇರಿದಾಗ ‘ನಾಚಿಕೆಗೇಡಿನದು’ ಎಂದೂ ಅರ್ಥ ಕೊಡುತ್ತದೆ. ವಾಕ್ಯದ ಕಟ್ಟು ಕೂಡ ಹತ್ತಿರದ್ದೇ: ‘ಮೆ ದಾ ಬೆರ್‌ಗ್ವೆನ್ಸಾ’ ಎಂಬಲ್ಲಿ ‘ಮೆ’ ಎಂದರೆ ‘ನನಗೆ’, ಒಟ್ಟಾರೆ ‘ನನಗೆ ನಾಚಿಕೆಯಾಗುತ್ತದೆ’. ಆದರೆ ‘ಸಿನ್’ ಸೇರಿ ಒಂದೇ ಪದವಾದಾಗ ಸಂಕೋಚದ ಅರ್ಥ ಹಿಂದೆ ಸರಿದು ಮಾನಗೇಡಿತನ ಮುಂದೆ ನಿಲ್ಲುತ್ತದೆ ಎಂಬುದನ್ನು ಮರೆಯಬಾರದು. ‘ಕಾಂತಾ ಸಿನ್ ಬೆರ್‌ಗ್ವೆನ್ಸಾ’ ಎಂದು ಬಿಡಿಸಿ ಬರೆದರೆ ‘ಅವಳು ಸಂಕೋಚವಿಲ್ಲದೆ ಹಾಡುತ್ತಾಳೆ’ ಎಂಬ ಮೆಚ್ಚುಗೆಯೂ ಆಗಬಹುದು; ಕೂಡಿಸಿ ಬರೆದ ಪದವಾದರೋ ವ್ಯಕ್ತಿಯ ಮೇಲಿನ ತೀರ್ಪು.

ಉಚ್ಚಾರಣೆಯಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಬರವಣಿಗೆಯಲ್ಲಿ ‘ಎನ್’ ಮತ್ತು ‘ವಿ’ ಇದ್ದರೂ, ಸ್ಪ್ಯಾನಿಷ್‌ನಲ್ಲಿ ‘ವಿ’ಯ ಧ್ವನಿ ಬಕಾರವೇ ಆಗಿರುವುದರಿಂದ, ನಮ್ಮ ‘ಅಂಬರ’ದಲ್ಲಿ ಅನುಸ್ವಾರ ಮಕಾರವಾಗುವಂತೆ ಅಲ್ಲಿಯೂ ‘ಸಿಂಬೆರ್’ ಎಂದೇ ಕೇಳಿಸುತ್ತದೆ. ಎರಡನೆಯದು ‘ಯು’ ಅಕ್ಷರದ ಮೇಲಿನ ಜೋಡಿ ಚುಕ್ಕೆ. ‘ಜಿ’ ಮತ್ತು ‘ಇ’ ಅಕ್ಷರಗಳ ನಡುವೆ ಬರಿಯ ‘ಯು’ ಬಂದರೆ ಅದು ಮೌನವಾಗಿರುತ್ತದೆ. ಯುದ್ಧವೆಂಬ ಅರ್ಥದ ‘ಗೆರ್ರಾ’ ಅದಕ್ಕೆ ಉದಾಹರಣೆ. ಚುಕ್ಕೆಗಳನ್ನಿಟ್ಟಾಗಲೇ ಅದು ‘ಗ್ವೆ’. ಅವಸರದಲ್ಲಿ ಅವನ್ನು ಬಿಟ್ಟು ಬರೆಯುವುದು ಕಲಿಯುವವರ ಸಾಮಾನ್ಯ ತಪ್ಪು. ಕೊನೆಯ ‘ಸಾ’ ಲ್ಯಾಟಿನ್ ಅಮೆರಿಕದಲ್ಲಿ ಸಕಾರವಾಗಿಯೇ ಇದ್ದರೆ, ಸ್ಪೇನಿನ ಬಹುಭಾಗದಲ್ಲಿ ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ಗಾಳಿ ಬಿಟ್ಟು ನುಡಿಯಲಾಗುತ್ತದೆ.

ವ್ಯಾಕರಣ ಸುಲಭ. ಗಂಡಸಾದರೂ ಹೆಂಗಸಾದರೂ ಪದದ ರೂಪ ಬದಲಾಗದು, ಹಿಂದಿನ ‘ಉನ್’ ಅಥವಾ ‘ಉನಾ’ ಮಾತ್ರ ಬದಲಾಗುತ್ತದೆ: ‘ಎಸ್ ಉನ್ ಸಿಂಬೆರ್‌ಗ್ವೆನ್ಸಾ’, ‘ಎಸ್ ಉನಾ ಸಿಂಬೆರ್‌ಗ್ವೆನ್ಸಾ’. ಬಹುವಚನಕ್ಕೆ ಕೊನೆಯಲ್ಲಿ ಸಕಾರ ಸೇರುತ್ತದೆ. ಹುಟ್ಟುಗುಣವನ್ನು ಹೇಳುವ ಮಾತಾದ್ದರಿಂದ ಕ್ರಿಯಾಪದ ‘ಸೆರ್’ ಆಗಿರಬೇಕು, ತಾತ್ಕಾಲಿಕ ಸ್ಥಿತಿಯನ್ನು ಸೂಚಿಸುವ ‘ಎಸ್ತಾರ್’ ಅಲ್ಲ.

ಪದದ ತೂಕವನ್ನು ಅಳೆಯುವುದೇ ನಿಜವಾದ ಕಷ್ಟ. ಸಾರ್ವಜನಿಕರ ಹಣ ನುಂಗಿದ ಅಧಿಕಾರಿಯ ಬಗ್ಗೆ ಹೇಳಿದಾಗ ಇದು ಕಟುವಾದ ನಿಂದೆ. ಆದರೆ ಅಜ್ಜಿಯೊಬ್ಬಳು ಕರಿದು ತಟ್ಟೆಯಲ್ಲಿಟ್ಟ ಕ್ರೋಕೆತಾಗಳಲ್ಲಿ ಒಂದನ್ನು ಮೊಮ್ಮಗ ಬಿಸಿ ಆರುವ ಮೊದಲೇ ಬಾಯಿಗೆ ಹಾಕಿಕೊಂಡು ಓಡಿದಾಗ, ಅವಳು ನಗುತ್ತಲೇ ಎಳೆದು ಹೇಳುವ ‘ಸಿಂಬೆರ್‌ಗ್ವೆನ್ಸಾ!’ ನಮ್ಮ ‘ಎಲಾ ಕಳ್ಳಾ!’ ಎಂಬಷ್ಟೇ ಮೃದು. ಈ ಸಲಿಗೆ ಮನೆಯವರಿಗೂ ಹಳೆಯ ಗೆಳೆಯರಿಗೂ ಸೇರಿದ್ದು. ಹೊಸ ಪರಿಚಯದವರ ಮೇಲೆ ತಮಾಷೆಗೆಂದು ಪ್ರಯೋಗಿಸಿದರೆ ಬೈಗುಳವಾಗಿಯೇ ಕೇಳಿಸುವ ಸಂಭವ ಹೆಚ್ಚು. ಟಿಕೆಟ್ ಸಾಲಿನಲ್ಲಿ ನಡುವೆ ನುಗ್ಗಿದವನಿಗೆ ಇಷ್ಟು ದೊಡ್ಡ ಪದ ಬೇಕಿಲ್ಲ. ‘ಗಟ್ಟಿ ಮುಖದವನು’ ಎಂಬ ಮೂಲಾರ್ಥದ ‘ಕಾರಾದೂರಾ’, ಅಂದರೆ ನಮ್ಮ ‘ಭಂಡ’, ಅಲ್ಲಿಗೆ ಸಾಕು.