ಫ್ಯಾಕ್ಟರಿಯಲ್ಲಿ ಕಟ್ಟಿದ ಮನೆ ಕೊಳ್ಳುವ ಮುಂಚೆ ಬಗ್ಗಿ ಅದರ ಅಡಿ ನೋಡಿ

ಅಮೆರಿಕದಲ್ಲಿ ಮ್ಯಾನುಫ್ಯಾಕ್ಚರ್ಡ್ ಹೋಮ್, ಅಂದರೆ ಫ್ಯಾಕ್ಟರಿಯಲ್ಲೇ ಕಟ್ಟಿ ಸಾಗಿಸಿ ತಂದು ಕೂರಿಸುವ ಮನೆ, ನೋಡೋಕೆ ಹೋದಾಗ ಎಲ್ಲರೂ ಮೊದಲು ಅಡುಗೆಮನೆ ನೋಡುತ್ತಾರೆ. ನೀವು ಮಾತ್ರ ಮನೆಯ ಹೊರಗೆ ಒಂದು ಸುತ್ತು ಬನ್ನಿ. ಸಾಗಿಸುವಾಗ ಹಿಂಬದಿಯ ಟೇಲ್ ಲೈಟ್ ಇದ್ದ ಕಡೆ, ಗೋಡೆಯ ಮೇಲೆ ಸುಮಾರು 2 ಇಂಚು ಅಗಲ, 4 ಇಂಚು ಉದ್ದದ ಕೆಂಪು ಲೋಹದ ಪಟ್ಟಿ ಇರಬೇಕು. ಮನೆ ಎರಡು ಭಾಗವಾಗಿ ಬಂದಿದ್ದರೆ ಪಟ್ಟಿಯೂ ಎರಡು. ಇದೇ ಹಡ್ ಲೇಬಲ್, ಮನೆ ನಿಯಮದ ಪ್ರಕಾರ ಕಟ್ಟಿದ್ದು ಅನ್ನುವುದಕ್ಕೆ ಗುರುತು. ಹಡ್ ಅಂದರೆ ಅಲ್ಲಿನ ಕೇಂದ್ರ ಸರ್ಕಾರದ ವಸತಿ ಇಲಾಖೆ. 1974ರಲ್ಲಿ ಬಂದ ಕಾಯ್ದೆಯಡಿ ಅದು ಮಾಡಿದ ನಿಯಮಗಳು 1976ರ ಜೂನ್ 15ರಿಂದ ಜಾರಿಯಲ್ಲಿವೆ. ಅದಕ್ಕಿಂತ ಹಳೆಯದು ಬರೀ ಮೊಬೈಲ್ ಹೋಮ್. ಅದಕ್ಕೆ ಈ ನಿಯಮದ ರಕ್ಷಣೆ ಇಲ್ಲ, ಸಾಲ ಸಿಗುವುದೂ ಕಷ್ಟ.

ಪಟ್ಟಿ ಕಳೆದುಹೋದರೆ ಹೊಸದು ಕೊಡುವುದಿಲ್ಲ. ದೃಢೀಕರಣ ಪತ್ರ ಮಾತ್ರ ಪಡೆಯಬಹುದು. ಮಾರುವವರು ಪಟ್ಟಿ ಎಲ್ಲೋ ಬಿದ್ದುಹೋಯಿತು ಅಂದರೆ ಆ ಪತ್ರ ಅವರೇ ತರಿಸಿಕೊಡಲಿ.

ಇನ್ನು ಒಳಗೆ ಬನ್ನಿ. ಅಡುಗೆಮನೆಯ ಕಪಾಟು, ಕರೆಂಟ್ ಪ್ಯಾನಲ್ ಅಥವಾ ಬೆಡ್‌ರೂಮಿನ ಕ್ಲಾಸೆಟ್ಟಿನ ಹತ್ತಿರ ಡೇಟಾ ಪ್ಲೇಟ್ ಅನ್ನುವ ಕಾಗದ ಅಂಟಿಸಿರುತ್ತಾರೆ. ನಿಮ್ಮ ಪ್ರಾಣಕ್ಕೆ ಸಂಬಂಧಿಸಿದ ಮಾತು ಅದರಲ್ಲಿದೆ, ನಿಧಾನವಾಗಿ ಓದಿ. ಮನೆ ಯಾವ ವಿಂಡ್ ಝೋನಿಗೆ ಕಟ್ಟಿದ್ದು, ಛಾವಣಿ ಎಷ್ಟು ಹಿಮದ ಭಾರ ತಡೆಯುತ್ತದೆ ಅಂತ ಅಲ್ಲೇ ಬರೆದಿರುತ್ತದೆ. ಗಾಳಿಯ ಬಿರುಸಿನ ಪ್ರಕಾರ ದೇಶವನ್ನು ಝೋನ್ 1, 2, 3 ಅಂತ ಮೂರು ಮಾಡಿದ್ದಾರೆ, 3ರಲ್ಲಿ ಗಾಳಿ ಎಲ್ಲಕ್ಕಿಂತ ಬಿರುಸು. 1992ರ ಆಂಡ್ರ್ಯೂ ಚಂಡಮಾರುತದಲ್ಲಿ ಇಂಥ ಮನೆಗಳು ಸಾಲುಸಾಲಾಗಿ ನೆಲಸಮವಾದವು. ಆಮೇಲೆ 1994ರಲ್ಲಿ ಗಾಳಿಯ ನಿಯಮ ಬಿಗಿ ಮಾಡಿದರು. ಝೋನ್ 1ಕ್ಕೆ ಕಟ್ಟಿದ ಮನೆಯನ್ನು ಝೋನ್ 2 ಅಥವಾ 3ರಲ್ಲಿ ಕೂರಿಸುವ ಹಾಗಿಲ್ಲ. ಬೆಲೆ ಕಮ್ಮಿ ಅಂತ ಒಳನಾಡಿನಿಂದ ಕರಾವಳಿಗೆ ಮನೆ ತರಿಸುವ ಯೋಚನೆ ಇದ್ದರೆ ಇಲ್ಲೇ ನಿಲ್ಲಿಸಿ.

ಕಟ್ಟುವ ವಿಷಯದಲ್ಲಿ ಕೇಂದ್ರದ ನಿಯಮವೇ ಮೇಲು, ಊರಿನವರು ಬೇರೆ ನಿಯಮ ಹೇರುವಂತಿಲ್ಲ. ಆದರೆ ಯಾವ ಜಾಗದಲ್ಲಿ ಇಡಬಹುದು ಅನ್ನುವುದು ಸ್ಥಳೀಯ ಝೋನಿಂಗ್, ಅಂದರೆ ಜಾಗ ಬಳಕೆಯ ನಿಯಮಕ್ಕೆ ಬಿಟ್ಟ ವಿಷಯ. ಹಾಗಾಗಿ ಅಡ್ವಾನ್ಸ್ ಕೊಡುವ ಮುಂಚೆ ಕೌಂಟಿ (ಅಲ್ಲಿನ ಜಿಲ್ಲೆಯಂಥದ್ದು) ಆಫೀಸಿಗೆ ಹೋಗಿ ಕೇಳಿ. ಫ್ಯಾಕ್ಟರಿಯಲ್ಲಿ ಭಾಗಭಾಗವಾಗಿ ಮಾಡಿ ಜಾಗದಲ್ಲಿ ಜೋಡಿಸುವ ಮಾಡ್ಯುಲರ್ ಮನೆ ಬೇರೆ, ಅದಕ್ಕೆ ರಾಜ್ಯದ ಕಟ್ಟಡ ನಿಯಮ ಅನ್ವಯ.

ಈಗ ಮುಖ್ಯ ವಿಷಯ. ಎಷ್ಟೇ ಚೆನ್ನಾಗಿ ಕಟ್ಟಿದ ಮನೆಯೂ ಕೂರಿಸುವವನ ಕೈಯಲ್ಲಿ ಹಾಳಾಗಬಹುದು. 2000ದ ಕಾಯ್ದೆ ಬಂದ ಮೇಲೆಯೇ ಕೂರಿಸುವುದಕ್ಕೂ ಒಂದು ಕನಿಷ್ಠ ಮಟ್ಟ ಅಂತ ಆದದ್ದು. ಕೆಲವು ರಾಜ್ಯಗಳು ಇದನ್ನು ತಾವೇ ನಡೆಸುತ್ತವೆ, ಉಳಿದ ಕಡೆ ಹಡ್ ನಡೆಸುತ್ತದೆ. ಮನೆ ಕೂರಿಸುವ ಇನ್‌ಸ್ಟಾಲರ್ ಹತ್ತಿರ ಮೊದಲು ಲೈಸೆನ್ಸ್ ಕೇಳಿ. ಮಣ್ಣು ಎಷ್ಟು ಭಾರ ಹೊರುತ್ತದೆ ಅಂತ ಪರೀಕ್ಷೆ ಮಾಡಿದ್ದೀರಾ ಅಂತಲೂ ಕೇಳಿ.

ನೀರು ಮನೆಯಿಂದ ದೂರ ಹರಿಯಬೇಕು. ಮೊದಲ 10 ಅಡಿಯಲ್ಲಿ ಅಡಿಗೆ ಅರ್ಧ ಇಂಚಿನಷ್ಟು ಇಳಿಜಾರು ಬೇಕು ಅಂತ ನಿಯಮವೇ ಇದೆ. ಚಳಿ ಜಾಸ್ತಿ ಇರುವ ಕಡೆ ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಪಾಯ ಇಳಿಸದಿದ್ದರೆ, ಹೆಪ್ಪುಗಟ್ಟಿದ ಮಣ್ಣು ಉಬ್ಬಿ ಮನೆ ಹೊತ್ತಿರುವ ಬ್ಲಾಕ್‌ಗಳನ್ನು ಮೇಲೆತ್ತುತ್ತದೆ, ಬೇಸಿಗೆಯಲ್ಲಿ ಮತ್ತೆ ಕೂರುತ್ತದೆ, ಹಾಗೇ ಒಂದೆರಡು ವರ್ಷದಲ್ಲಿ ಬಾಗಿಲು ಮುಚ್ಚದ ಹಾಗಾಗುತ್ತದೆ, ಆಗ ಜನ ಬಾಗಿಲನ್ನೇ ಉಜ್ಜಿಸುತ್ತಾರೆ, ಅಡಿಯಲ್ಲಿ ಏನಾಗಿದೆ ಅಂತ ಯಾರೂ ನೋಡುವುದಿಲ್ಲ. ಮನೆಯಡಿಯ ಫ್ರೇಮಿಗೂ ನೆಲಕ್ಕೂ 12 ಇಂಚಾದರೂ ಜಾಗ ಬಿಡಬೇಕು. ನೆಲದ ಮೇಲೆ 6 ಮಿಲ್ (ಇಂಚಿನ ಸಾವಿರದ ಆರು ಭಾಗ) ದಪ್ಪದ ಪ್ಲಾಸ್ಟಿಕ್ ಹಾಳೆ ಹಾಸಿರಬೇಕು. ಹಾಳೆಗಳು ಸೇರುವ ಕಡೆ ಒಂದರ ಮೇಲೊಂದು 12 ಇಂಚು ಬರುವಂತೆ ಹಾಸದಿದ್ದರೆ ತೇವ ಮೇಲೇರಿ ಫ್ಲೋರಿಂಗ್ ಹಾಳು ಮಾಡುತ್ತದೆ. ಬಟ್ಟೆ ಒಣಗಿಸುವ ಡ್ರೈಯರಿನ ಪೈಪು ಸ್ಕರ್ಟಿಂಗ್ (ಮನೆಯಡಿಯ ಸುತ್ತ ಮುಚ್ಚುವ ಹೊದಿಕೆ) ದಾಟಿ ಹೊರಗೆ ಬಂದಿದೆಯಾ ಅಂತಲೂ ನೋಡಿ. ಮನೆಯಡಿಯಲ್ಲೇ ಕೊನೆಯಾಗಿದ್ದರೆ ತೇವವೆಲ್ಲ ಅಲ್ಲೇ ಉಳಿಯುತ್ತದೆ.

ಗಾಳಿಗೆ ಮನೆ ಹಾರದ ಹಾಗೆ ಹಿಡಿಯುವುದು ನೆಲಕ್ಕೆ ಇಳಿಸಿದ ಆಂಕರ್ ಮತ್ತು ಮನೆಯನ್ನು ಅದಕ್ಕೆ ಬಿಗಿಯುವ ಪಟ್ಟಿಗಳು. ಒಂದೊಂದು ಆಂಕರ್ 3,150 ಪೌಂಡ್ ಭಾರ ತಡೆಯಬೇಕು. ಸಡಿಲವಾಗಿ ಜೋತಾಡುವ ಪಟ್ಟಿ ಕಂಡರೆ ಸುಮ್ನೆ ಬಿಡಬೇಡಿ, ಫೋಟೋ ತೆಗೆದು ಬರಹದಲ್ಲೇ ದೂರು ಕೊಡಿ.

ಕೂರಿಸುವ ಬಗ್ಗೆ ಹೇಳಿದ್ದೆಲ್ಲ ಹೊಸ ಮನೆಯನ್ನು ಮೊದಲ ಸಲ ಕೂರಿಸುವಾಗಿನ ಮಾತು. ಹಳೆಯದನ್ನು ಬೇರೆ ಕಡೆಗೆ ಸಾಗಿಸಿದ್ದರೆ ರಾಜ್ಯದ ನಿಯಮವೇ ನೋಡಬೇಕು.

ಸ್ಕರ್ಟಿಂಗ್ ಮುಚ್ಚುವ ಮುಂಚೆಯೇ ಟಾರ್ಚ್ ಹಿಡಿದು ನೋಡಿ, ತಪಾಸಣೆಯ ಸಹಿ ಸಿಗುವವರೆಗೆ ಕೊನೆಯ ಕಂತು ಕೊಡಬೇಡಿ. ಆಮೇಲೂ ದೋಷ ಕಂಡರೆ ತಯಾರಕರು, ಮಾರಿದವರು, ಇನ್‌ಸ್ಟಾಲರ್ ಒಬ್ಬರ ಮೇಲೊಬ್ಬರು ಹಾಕುವುದು ಸಾಮಾನ್ಯ. ಆ ಜಗಳ ಬಿಡಿಸುವ ವ್ಯವಸ್ಥೆ ಕಾಯ್ದೆಯಲ್ಲೇ ಇದೆ. ಆದರೆ ಮೊದಲ ಸಲ ಮನೆ ಕೂರಿಸಿದ ದಿನದಿಂದ 1 ವರ್ಷದೊಳಗೆ ದೂರು ಹೋಗಿರಬೇಕು. ಆ ದಿನಾಂಕ ಇರುವ ಕಾಗದವನ್ನು ಜೋಪಾನವಾಗಿ ಎತ್ತಿಡಿ.