ಲೆಂಕೊ ಎಲ್75 ರೆಕಾರ್ಡ್ ಪ್ಲೇಯರಿಗೆ ಕಡಪ ಕಲ್ಲಿನ ಪ್ಲಿಂತ್: ನನ್ನ ಅನುಭವ

"ಐಡ್ಲರ್ ಡ್ರೈವ್ ಅಂದ್ರೆ ಗುರ್ ಅನ್ನೋದೇ. ಸುಮ್ನೆ ಒಂದು ಬೆಲ್ಟ್ ಡ್ರೈವ್ ತಗೊಳ್ಳಿ" ಅಂತ ನನಗೆ ಹೇಳದವರಿಲ್ಲ. ಐಡ್ಲರ್ ಡ್ರೈವಿನಲ್ಲಿ ರೆಕಾರ್ಡ್ ಇಡುವ ತಟ್ಟೆಯನ್ನು (ಪ್ಲ್ಯಾಟರ್) ಮೋಟರ್ ಒಂದು ರಬ್ಬರ್ ಚಕ್ರದ (ಐಡ್ಲರ್) ಮೂಲಕ ತಿರುಗಿಸುತ್ತೆ, ಬೆಲ್ಟ್ ಡ್ರೈವಿನಲ್ಲಿ ಬೆಲ್ಟಿನ ಮೂಲಕ. ಪ್ಲೇಯರನ್ನು ಕೂರಿಸೋಕೆ ಕಲ್ಲಿನ ಪ್ಲಿಂತ್ (ಪೀಠ) ಮಾಡಿಸ್ತೀನಿ ಅಂದಾಗಲಂತೂ ನಕ್ಕರು. ಈಗ ನನ್ನ ಲೆಂಕೊ ಎಲ್75 ಗುರ್ ಅನ್ನುವುದಿಲ್ಲ. ನಕ್ಕವರಲ್ಲಿ ಇಬ್ಬರು ಮನೆಗೆ ಬಂದು ಕೇಳಿ ಹೋದರು. ಒಬ್ಬರು ಜೇಬಿನಲ್ಲಿ ಟೇಪನ್ನೂ ತಂದಿದ್ದರು, ಅಳತೆ ತಗೊಂಡು ಹೋಗೋಕೆ. ಹಾಗಾಗಿ ಬರೆದಿಡುತ್ತಿದ್ದೇನೆ.

ಡೆಕ್ ಸಿಕ್ಕಿದ್ದು ಜರ್ಮನಿಯಿಂದ ವಾಪಸ್ ಬಂದ ಒಂದು ಕುಟುಂಬದವರಿಂದ. ಹದಿನಾಲ್ಕೋ ಹದಿನೈದೋ ಸಾವಿರ ಕೊಟ್ಟೆ. ಇಂಗ್ಲೆಂಡಿನ ಹೆಸರಾಂತ ಐಡ್ಲರ್ ಡೆಕ್ ಗ್ಯಾರಾರ್ಡ್ 301 ಬೇಕು ಅಂತ ಆಸೆ ಇತ್ತು. ಆದರೆ ಅದರ ದುಡ್ಡಿಗೆ ಇಲ್ಲಿ ಒಂದು ಹಳೇ ಕಾರು ಬರುತ್ತೆ. ಲೆಂಕೊದಲ್ಲಿ ಬೇರೆ ಅನುಕೂಲವೂ ಇದೆ. ಮೋಟರಿನ ಸ್ಪಿಂಡಲ್ (ತಿರುಗುವ ಕಡ್ಡಿ) ತುದಿಗೆ ಬರುತ್ತಾ ಸಣ್ಣಗಾಗುತ್ತೆ. ಐಡ್ಲರ್ ಅದರ ಉದ್ದಕ್ಕೂ ಜರುಗಿದಂತೆ ಪ್ಲ್ಯಾಟರಿನ ವೇಗ ಬದಲಾಗುತ್ತೆ. ನಿಮಿಷಕ್ಕೆ 16ರಿಂದ 78 ಸುತ್ತಿನ ತನಕ ಎಲ್ಲಿ ಬೇಕಾದರೂ ನಿಲ್ಲಿಸಿಕೊಳ್ಳಬಹುದು. ಹಳೇ ಗ್ರಾಮಫೋನ್ ಪ್ಲೇಟು ಇಟ್ಟುಕೊಂಡವರಿಗೆ ಇದರ ಬೆಲೆ ಗೊತ್ತು. 78 ಅಂತ ನಾವು ಕರೆದರೂ ಎಲ್ಲವೂ ಅದೇ ವೇಗದಲ್ಲಿ ಮುದ್ರಣ ಆದವಲ್ಲ. ಪಿಟೀಲು ಚೌಡಯ್ಯನವರ ಪ್ಲೇಟು ಹಾಕಿ, ಶ್ರುತಿ ಪೆಟ್ಟಿಗೆ ಪಕ್ಕಕ್ಕಿಟ್ಟುಕೊಂಡು, ವೇಗದ ಲಿವರನ್ನು ಕೂದಲೆಳೆಯಷ್ಟು ಜರುಗಿಸೋದೇ ಒಂದು ಮಜಾ.

ತೊಂದರೆ ಇದ್ದಿದ್ದು ಅದರ ಮೂಲ ಪೆಟ್ಟಿಗೆಯಲ್ಲಿ. ತೆಳು ಮರದ ಡಬ್ಬ, ಅದರೊಳಗೆ ಸ್ಪ್ರಿಂಗ್ ಮೇಲೆ ಕೂತ ತಗಡಿನ ಚಾಸಿ, ಆ ಚಾಸಿಗೆ ಮತ್ತೆ ಸ್ಪ್ರಿಂಗಿನಲ್ಲಿ ನೇತುಬಿದ್ದ ಮೋಟರ್. ನಾಲ್ಕು ಕೆಜಿ ಆಸುಪಾಸಿನ ಪ್ಲ್ಯಾಟರೂ ಆ ತಗಡಿನ ಮೇಲೇ, ಸೂಜಿ ಹೊರುವ ಟೋನ್‌ಆರ್ಮೂ ಅದೇ ತಗಡಿನ ಮೇಲೆ. ಮೋಟರ್ ನಡುಗಿದರೆ ಸೂಜಿಗೆ ತಿಳಿಯದೆ ಇರುತ್ತಾ?

ನಾನು ಪರೀಕ್ಷೆ ಮಾಡುತ್ತಿದ್ದದ್ದು ಹೀಗೆ. ಐಡ್ಲರ್ ತೋಳಿಗೆ ದಾರ ಕಟ್ಟಿ ಹಿಂದಕ್ಕೆ ಎಳೆದಿಟ್ಟರೆ ಮೋಟರ್ ಓಡುತ್ತೆ, ಪ್ಲ್ಯಾಟರ್ ನಿಂತಿರುತ್ತೆ. ನಿಂತ ರೆಕಾರ್ಡಿನ ಮೇಲೆ ಸೂಜಿ ಇಟ್ಟು, ಬರುವ ಸದ್ದನ್ನು ಕಂಪ್ಯೂಟರಿಗೆ ತುಂಬಿ, ಆಡಾಸಿಟಿ ಅನ್ನೋ ಸಾಫ್ಟ್‌ವೇರಿನಲ್ಲಿ ಸ್ಪೆಕ್ಟ್ರಮ್ (ಯಾವ ಕಂಪನಾಂಕದಲ್ಲಿ ಎಷ್ಟು ಸದ್ದಿದೆ ಅನ್ನೋ ನಕ್ಷೆ) ನೋಡುವುದು. ಮೋಟರ್ ಸುತ್ತುವ 25 ಹರ್ಟ್ಸ್ ಹತ್ತಿರ ಒಂದು ಗುಡ್ಡ, ಕರೆಂಟಿನ 50 ಹರ್ಟ್ಸಿನ ಎರಡರಷ್ಟಾದ 100 ಹರ್ಟ್ಸಿನಲ್ಲಿ ಅದಕ್ಕಿಂತ ಎತ್ತರದ್ದು ಇನ್ನೊಂದು. ಈ ಎರಡನ್ನೂ ಇಳಿಸುವುದೇ ಕೆಲಸ. ಜೊತೆಗೆ ಮುನ್ನೂರು ರೂಪಾಯಿಯ ಒಂದು ಸ್ಟೆತಾಸ್ಕೋಪ್. ಪ್ಲಿಂತಿನ ಮೂಲೆಮೂಲೆಗೂ ಇಟ್ಟು ಕೇಳಿ. ಡಾಕ್ಟರಿಗಿಂತ ನಮಗೇ ಅದು ಜಾಸ್ತಿ ಉಪಯೋಗ.

ಮೊದಲು ಹಳೇ ಬಾಗಿಲಿನ ತೇಗ ತಂದು ದಪ್ಪ ಚೌಕಟ್ಟು ಮಾಡಿಸಿದೆ. ಮರ, ಕೂಲಿ, ಪಾಲಿಶ್ ಸೇರಿ ಒಂಬತ್ತು ಸಾವಿರದ ಮೇಲಾಯಿತು. ನೋಡೋಕೆ ರಾಜನ ಹಾಗಿತ್ತು. ಮೃದಂಗ ಶುರುವಾದರೆ ಮಾತ್ರ ಎಡದ ಪೆಟ್ಟೆಲ್ಲ ಒಂದೇ ಥರ ಗುಂಯ್ ಅನ್ನುತ್ತಿತ್ತು. ಒಳಗಡೆ ಖಾಲಿ, ಸುತ್ತ ಮರ, ಇನ್ನೇನಾಗುತ್ತೆ? ಆಗ ಪಕ್ಕದ ಮನೆಯ ಹಿರಿಯರು "ಹಲಸಿನ ಮರ ಹಾಕಿಸಪ್ಪ, ವೀಣೆಗೆ ಅದೇ ಅಲ್ವಾ ಹಾಕೋದು" ಅಂದರು. "ಅದಕ್ಕೇ ಬೇಡ ಸಾರ್" ಅಂದೆ. ವೀಣೆಯ ಮರ ನಾದ ಕೊಡಬೇಕು, ಪ್ಲಿಂತ್ ಬಾಯಿ ಮುಚ್ಚಿಕೊಂಡು ಕೂರಬೇಕು.

ಆಮೇಲೆ ಜಿಗಣಿಯಿಂದ ಗ್ರಾನೈಟ್. ಕಟಿಂಗ್ ಸೇರಿ ನಾಲ್ಕು ಸಾವಿರ. ಭಾರಕ್ಕೆ ಗುರ್ ಅನ್ನೋದು ಕಮ್ಮಿಯಾಯಿತು, ನಿಜ. ಆದರೆ ಪಿಟೀಲಿನ ಮೇಲಿನ ಸ್ಥಾಯಿ ಕಿವಿಗೆ ಚುಚ್ಚತೊಡಗಿತು. ಕಲ್ಲನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದೆ, ಠಣ್ ಅಂತು. ಆ ಠಣ್ ಸೂಜಿಗೂ ಹೋಗುತ್ತಿತ್ತು. ಈಗ ಅದರ ಮೇಲೆ ಮನೆಯಲ್ಲಿ ಚಪಾತಿ ಲಟ್ಟಿಸುತ್ತಾರೆ, ದುಡ್ಡು ಪೂರ್ತಿ ದಂಡವಾಗಲಿಲ್ಲ.

ಗ್ಯಾರಾರ್ಡ್, ಲೆಂಕೊಗಳಿಗೆ ಇಂಗ್ಲೆಂಡಿನವರು ಸ್ಲೇಟ್ ಕಲ್ಲು ಹಾಕುವುದನ್ನು ನೀವೂ ನೋಡಿರುತ್ತೀರಿ. ಪದರ ಪದರದ ಕಲ್ಲು, ಬಡಿದರೆ ಸದ್ದು ಅಲ್ಲೇ ಸಾಯುತ್ತೆ. ನಮ್ಮಲ್ಲಿ ಅಂಥದ್ದು ಯಾವುದು ಅಂತ ಕಲ್ಲಿನ ಅಂಗಡಿಗಳಲ್ಲಿ ಬಡಿಯುತ್ತಾ ತಿರುಗಿದೆ. ಅಡುಗೆಮನೆ ಶೆಲ್ಫಿಗೆ ಹಾಕುವ ಕಪ್ಪು ಕಡಪ ಕಲ್ಲಿನ ಒಂದು ತುಂಡನ್ನು ಮೂಲೆಯಲ್ಲಿ ಹಿಡಿದು ನೇತಾಡಿಸಿ ಬಡಿದೆ. ಡಪ್. ಅಷ್ಟೇ, ಬಾಲವೇ ಇಲ್ಲ. ಕಲಬುರಗಿ ಕಡೆಯ ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ, ಅದೂ ಸುಮಾರಾಗಿ ಹೀಗೇ ಇತ್ತು. ಆದರೆ ನನಗೆ ಸಿಕ್ಕ ತುಂಡುಗಳ ದಪ್ಪ ಒಂದೇ ಸಮ ಇರಲಿಲ್ಲ. ಕಡಪಕ್ಕೆ ಚದರಡಿಗೆ ನೂರು ರೂಪಾಯಿ ಒಳಗೇ ಆಯಿತು ಅನ್ನಿ.

"ಮಧ್ಯ ತೂತು ಕೊರೆದರೆ ಕಡಪ ಒಡೆಯುತ್ತೆ" ಅಂದವರ ಮಾತು ಅರ್ಧ ನಿಜ. ಮಾರ್ಬಲ್ ಕಟರಿನಲ್ಲಿ ಕೊಯ್ದಾಗ ಒಳಮೂಲೆಯಿಂದ ಬಿರುಕು ಓಡಿತು, ಹಲಗೆ ಎರಡಾಯಿತು. ಪೀಣ್ಯದಲ್ಲಿ ವಾಟರ್‌ಜೆಟ್ (ನೀರಿನ ರಭಸದಲ್ಲಿ ಕೊಯ್ಯುವ ಯಂತ್ರ) ಇಟ್ಟಿರುವವರ ಹತ್ತಿರ ಹೋದೆ. ಡ್ರಾಯಿಂಗಿನಲ್ಲಿ ಒಳಮೂಲೆಗಳನ್ನೆಲ್ಲ ದುಂಡಗೆ ಮಾಡಿಕೊಟ್ಟೆ. ಬಿರುಕಿಲ್ಲ, ಏನಿಲ್ಲ. ಮೂರು ಸಾವಿರದ ಚಿಲ್ಲರೆ ತಗೊಂಡರು.

ಜೋಡಣೆ ಹೀಗಿದೆ. ಮೇಲೆ 19 ಎಂಎಂ ಮರೈನ್ ಪ್ಲೈ ಎರಡು, ನಡುವೆ 20 ಎಂಎಂ ಕಡಪ, ಕೆಳಗೆ ಮತ್ತೆ ಪ್ಲೈ ಎರಡು. ಮೋಟರ್, ಬೇರಿಂಗ್, ಲಿವರಿಗೆ ಎಷ್ಟು ಬೇಕೋ ಅಷ್ಟೇ ಜಾಗ ಕೊರೆದು, ಉಳಿದದ್ದೆಲ್ಲ ಗಟ್ಟಿ. ನಮ್ಮ ಮರಗೆಲಸದ ಮೇಸ್ತ್ರಿ ಡ್ರಾಯಿಂಗ್ ತಿರುಗಿಸಿ ತಿರುಗಿಸಿ ನೋಡಿ "ಸಾರ್, ಇದಕ್ಕೆ ಬಾಗಿಲು ಎಲ್ಲಿ ಬರುತ್ತೆ?" ಅಂದರು. ಪ್ಲೈ ಪ್ಲೈಗೆ ಫೆವಿಕಾಲ್. ಕಲ್ಲು ಮತ್ತು ಪ್ಲೈ ನಡುವೆ ಏನು ಹಚ್ಚಿದೆ ಅನ್ನೋದನ್ನು ಮಾತ್ರ ಹೇಳಲ್ಲ. ಗಟ್ಟಿಯಾಗಿ ಒಣಗುವ ಅಂಟು ಬೇಡ ಅಂತಷ್ಟೇ ಹೇಳಬಲ್ಲೆ. ಸ್ಪ್ರಿಂಗುಗಳನ್ನು ಬಿಸಾಡಿ ಚಾಸಿಯನ್ನು ನೇರವಾಗಿ ಬೋಲ್ಟ್ ಹಾಕಿ ಬಿಗಿದೆ. ಬೇರಿಂಗಿನ ಸುತ್ತ ಇನ್ನೂ ಕೆಲವು ಜಾಸ್ತಿ. ಡೆಕ್ ಸೇರಿ ಮೂವತ್ತು ಕೆಜಿ ಹತ್ತಿರ ಬಂತು.

ಸ್ಪೆಕ್ಟ್ರಮ್ಮಿನಲ್ಲಿ 100ರ ಗುಡ್ಡ ಕಾಣೆಯಾಯಿತು. 25ರದ್ದು ಹತ್ತು ಡೆಸಿಬಲ್ ಆಸುಪಾಸು ಇಳಿಯಿತು. ಉಳಿದದ್ದಕ್ಕೆ ಪ್ಲಿಂತ್ ಏನೂ ಮಾಡಲಾರದು, ಅದು ಮೋಟರಿನದೇ. ಬಿಚ್ಚಿ, ಬುಶ್‌ಗಳನ್ನು ಬಿಸಿ ಎಣ್ಣೆಯಲ್ಲಿ ನೆನೆಸಿ, ಫೆಲ್ಟ್ ಬದಲಿಸಿದೆ. ಐಡ್ಲರ್ ರಬ್ಬರಿನ ಅಂಚನ್ನು ತೀರಾ ನಯವಾದ ಉಪ್ಪುಕಾಗದದಲ್ಲಿ ಸವರಿ, ಅದನ್ನು ಎಳೆಯುವ ಸ್ಪ್ರಿಂಗನ್ನು ಸ್ವಲ್ಪ ಸಡಿಲ ಮಾಡಿದೆ. ಇದು ಪುಕ್ಕಟೆ ಕೆಲಸ, ಆದರೆ ಲಾಭ ದೊಡ್ಡದು. ನಮ್ಮ ಬೀದಿಯಲ್ಲಿ ವೋಲ್ಟೇಜ್ ರಾತ್ರಿ 240 ದಾಟುತ್ತೆ, ಮೋಟರ್ ಇನ್ನಷ್ಟು ನಡುಗುತ್ತೆ. ಎಸ್‌ಪಿ ರೋಡಿನಿಂದ ಹಳೇ ಡಿಮ್ಮರ್‌ಸ್ಟಾಟ್ ತಂದು ಅದರಿಂದ ವೋಲ್ಟೇಜ್ ಇಳಿಸಿದೆ. ಎಷ್ಟಕ್ಕೆ ಅಂತ ಕೇಳಬೇಡಿ, ನಿಮ್ಮ ಮೋಟರ್ ನೀವೇ ಕೇಳಿ ನಿಲ್ಲಿಸಿ. ಇಳಿಸಿದ ಮೇಲೆ ವೇಗ ಮತ್ತೆ ಸರಿ ಮಾಡಿಕೊಳ್ಳಿ.

ಆರ್ಮ್ ವಿಷಯ. ಮೂಲ ಆರ್ಮಿನ ವಿ-ಬ್ಲಾಕ್ (ಆರ್ಮ್ ಕೂರುವ ರಬ್ಬರ್ ತುಂಡು) ಎಲ್ಲರದ್ದರಂತೆ ನನ್ನದೂ ಪುಡಿಪುಡಿ. ಹೊರದೇಶದಿಂದ ತರಿಸಿದೆ, ಬ್ಲಾಕಿಗಿಂತ ಕೊರಿಯರ್ ಖರ್ಚೇ ಜಾಸ್ತಿ. ಆ ಆರ್ಮನ್ನು ಗ್ರಾಮಫೋನ್ ಪ್ಲೇಟುಗಳಿಗೇ ಮೀಸಲಿಟ್ಟು, ಅವಕ್ಕೇ ಆದ ಕಾರ್ಟ್ರಿಜ್ (ಸೂಜಿ ಇರುವ ತಲೆ) ಆಡಿಯೋ ಟೆಕ್ನಿಕಾ ವಿಎಂ95ಎಸ್‌ಪಿ ಹಾಕಿದ್ದೇನೆ. ಎಲ್‌ಪಿಗಳಿಗೆ ಪ್ಲಿಂತಿನ ಎಡಗಡೆ ಹಿಂಭಾಗದಲ್ಲಿ ಬೇರೆ ಆರ್ಮ್‌ಬೋರ್ಡ್ ಮಾಡಿ ಜಪಾನಿನ ಜೆಲ್ಕೊ 750 ಆರ್ಮ್ ಕೂರಿಸಿದೆ. ಪ್ಲ್ಯಾಟರಿನ ನಡುವಿನ ಸ್ಪಿಂಡಲಿನಿಂದ ಆರ್ಮ್ ತಿರುಗುವ ಪಿವಟ್ಟಿಗೆ 214 ಎಂಎಂ. ಕಂಪನಿ 2020ರಲ್ಲಿ ಬಾಗಿಲು ಹಾಕಿತು. ನನಗೆ ಸೆಕೆಂಡ್ ಹ್ಯಾಂಡ್ ಮೂವತ್ತೈದು ಸಾವಿರಕ್ಕೆ ಸಿಕ್ಕಿತು, ಇಡೀ ಯೋಜನೆಯಲ್ಲಿ ದೊಡ್ಡ ಬಿಲ್ಲು ಅದೇ. ಕಾರ್ಟ್ರಿಜ್ ಡೆನಾನ್ ಡಿಎಲ್-103, ಸೂಜಿಯ ಭಾರ ಎರಡೂವರೆ ಗ್ರಾಂ. ಭಾರದ ಆರ್ಮ್ ಸಿಕ್ಕರೆ ಅದು ಹೇಗೆ ಹಾಡುತ್ತೆ ಅಂತ ಹೇಳಬೇಕಾ?

ಪ್ಲಿಂತಿನ ಕೆಳಗಿಡುವ ಕಾಲುಗಳ ಕತೆ ಇನ್ನೂ ಮುಗಿದಿಲ್ಲ. ದುಬಾರಿ ಸ್ಪೈಕ್, ಸ್ಕ್ವಾಶ್ ಚೆಂಡು ಎಲ್ಲ ಆದ ಮೇಲೆ ಹವಾಯಿ ಚಪ್ಪಲಿಯನ್ನು ದುಂಡಗೆ ಕತ್ತರಿಸಿ ಎರಡೆರಡು ಪದರ ಇಟ್ಟೆ. ಸದ್ಯಕ್ಕೆ ಗೆದ್ದಿರೋದು ಅದೇ. ಒಂದೇ ತೊಂದರೆ, ಮೂವತ್ತು ಕೆಜಿ ಹೊತ್ತು ಎರಡು ಮೂರು ತಿಂಗಳಿಗೆ ಕುಗ್ಗುತ್ತೆ. ಆಗ ಮತ್ತೆ ಲೆವೆಲ್ ನೋಡಿ ಹೊಸ ಜೋಡಿ ಹಾಕಬೇಕು.